‘ನಷ್ಟ ತುಂಬಿಕೊಡುತ್ತೇನೆ’ – ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಪರರ ವಸ್ತು ನಮ್ಮ ಕೈಯಿಂದ ಕೆಡುವುದು ಸಂಸಾರದಲ್ಲಿ ಅಪರೂಪದ ಸಂಗತಿಯೇನಲ್ಲ. ಊರಿನಲ್ಲಿದ್ದಾಗ ಇಂಥ ಸಮಯದಲ್ಲಿ ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಯಾರೂ ನಮಗೆ ಪಾಠ ಮಾಡಿ ಕಲಿಸಿರಲಿಲ್ಲ; ಮನೆಯ ಹಿರಿಯರ ನಡೆನುಡಿಗಳನ್ನು ನೋಡಿಯೇ ಕಲಿತಿದ್ದೆವು. ಆದರೆ ಉದ್ಯೋಗನಿಮಿತ್ತ ದೆಹಲಿಗೆ ಬಂದು ನೆಲಸಿದ ನಮ್ಮಂಥವರಿಗೆ ಎಡಗಡೆಯ ಮನೆಯವರು ಪಂಜಾಬಿಗಳು, ಬಲಗಡೆಯವರು ಮಲೆಯಾಳಿಗಳು, ಕೆಳಗಿನವರು ಬಂಗಾಳಿಗಳು. ತರಕಾರಿ ಕೊಳ್ಳುವಷ್ಟು ಹಿಂದಿ ನಮಗೆ ಬರುತ್ತದೆ. ಮಾತು ಗಂಭೀರವಾಯಿತೆಂದರೆ ನಾವು ಇಂಗ್ಲಿಷಿನ ಮೊರೆಹೋಗುತ್ತೇವೆ. ಆ ಇಂಗ್ಲಿಷಾದರೋ ಪಠ್ಯಪುಸ್ತಕದಿಂದಲೂ ಕಚೇರಿಯ ಕಡತಗಳಿಂದಲೂ ನಮಗೆ ಬಂದದ್ದು. ಅದರಿಂದ ಎಂಥ ಎಡವಟ್ಟು ಸಂಭವಿಸಬಹುದು ಎಂಬುದನ್ನು ನಾನು ಸ್ವಾನುಭವದಿಂದ ಕಂಡಿದ್ದೇನೆ. ನಾನು ಭಾಷಾಪಂಡಿತನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು. ಆದರೂ ನನಗೆ ತಿಳಿದುಬಂದ ನಾಲ್ಕು ಮಾತುಗಳು ನಮ್ಮ ಬಾಂಧವರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ ಈ ಲೇಖನ.

ಒಂದು ರಾತ್ರಿಯ ಪ್ರಸಂಗ

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಭಾನುವಾರ. ಪಟ್ಪರ್‌ಗಂಜ್ ಕಡೆಯ ಒಂದು ಸಹಕಾರಿ ವಸತಿ ಸಮುಚ್ಚಯದ ಮೂರನೆಯ ಅಂತಸ್ತಿನಲ್ಲಿ ನಮ್ಮ ವಾಸ. ಅಂದು ಮಧ್ಯಾಹ್ನದಿಂದ ನೀರಿರಲಿಲ್ಲ. ಅಡಿಗೆಮನೆಯ ನಲ್ಲಿಯನ್ನು ತಿರುಗಿಸಿ ನೋಡಿ, ನೀರು ಬಾರದ್ದರಿಂದ ಅದನ್ನು ಹಾಗೆಯೇ ಬಿಟ್ಟೆ. ಸಂಜೆ ಸಂಸಾರಸಮೇತ ಪಿಂಕ್ ಲೈನಿನ ಮೆಟ್ರೋ ಹತ್ತಿ, ಸರ್ ವಿಶ್ವೇಶ್ವರಯ್ಯ ಮೋತಿಬಾಗ್ ನಿಲ್ದಾಣದಲ್ಲಿ ಇಳಿದು, ರಾವ್ ತುಲಾರಾಂ ಮಾರ್ಗದ ಕರ್ನಾಟಕ ಸಂಘದಲ್ಲಿ ನಾಟಕ ನೋಡಲು ಹೋದೆವು. ನಾವು ನಾಟಕ ನೋಡುತ್ತಿದ್ದ ಹೊತ್ತಿಗೆ ಮನೆಯಲ್ಲಿ ನೀರು ಬಂದಿತು. ಸಿಂಕಿನಲ್ಲಿದ್ದ ಒಂದು ತಟ್ಟೆ ನೀರು ಹೋಗುವ ತೂತನ್ನು ಮುಚ್ಚಿತ್ತು. ನೀರು ಉಕ್ಕಿ, ನಡುಮನೆಗೆ ಹರಿದು, ವಿದ್ಯುತ್ ತಂತಿಯ ಕೊಳವೆಯ ಜಾಡು ಹಿಡಿದು ಕೆಳಗಿನ ಮನೆಯ ಛಾವಣಿಯಿಂದ ಸುರಿದಿತ್ತು.

ಕೆಳಗೆ ಇದ್ದವರು ನಿವೃತ್ತ ಶಾಲಾಶಿಕ್ಷಕರು, ಬಂಗಾಳದವರು, ಪತ್ನಿಯನ್ನು ಕಳೆದುಕೊಂಡು ಒಬ್ಬರೇ ಇದ್ದವರು. ರಾತ್ರಿ ಹತ್ತೂವರೆಗೆ ನಾನು ಹೋಗಿ ನೋಡಿದಾಗ ಗೋಡೆಯ ಗಾರೆ ಉಬ್ಬಿ ಬಂದಿತ್ತು. ಅದಕ್ಕಿಂತ ಮಿಗಿಲಾಗಿ, ಕಿಟಕಿಯ ಬಳಿ ಇಟ್ಟಿದ್ದ ಒಂದು ಹಳೆಯ ಹಾರ್ಮೋನಿಯಂ ಪೂರ್ತಿ ನೆನೆದಿತ್ತು. ನನಗೆ ನಾಚಿಕೆಯೂ ಗಾಬರಿಯೂ ಒಟ್ಟಿಗೆ ಆಯಿತು. ಆ ಗಾಬರಿಯಲ್ಲಿ ನನ್ನ ಬಾಯಿಂದ ಹೊರಟ ಮಾತು ಇದು: ‘ವಾಟೆವರ್ ಈಸ್ ದಿ ಲಾಸ್, ಐ ವಿಲ್ ಕಾಂಪೆನ್ಸೇಟ್ ಯು. ಪ್ಲೀಸ್ ಟೆಲ್ ಮಿ ದಿ ಅಮೌಂಟ್.’

ಅವರು ನನ್ನನ್ನು ಒಂದು ಕ್ಷಣ ನೋಡಿ, ‘ನಾನು ನಿಮ್ಮ ಬ್ಯಾಂಕಿನ ಗ್ರಾಹಕನಲ್ಲ’ ಎಂದು ಇಂಗ್ಲಿಷಿನಲ್ಲೇ ಹೇಳಿ ಬಾಗಿಲು ಹಾಕಿಕೊಂಡರು. ಮರುದಿನ ಬೆಳಿಗ್ಗೆ ನಾನು ಇನ್ನೊಂದು ತಪ್ಪು ಮಾಡಿದೆ. ಗಾರೆ ಮತ್ತು ಬಣ್ಣಕ್ಕೆ ಇಂತಿಷ್ಟಾದೀತೆಂದು ಲೆಕ್ಕ ಹಾಕಿ, ಅವರ ದೂರವಾಣಿ ಸಂಖ್ಯೆಗೆ ಯುಪಿಐ ಮೂಲಕ ಹತ್ತು ಸಾವಿರ ರೂಪಾಯಿ ಕಳುಹಿಸಿದೆ. ಒಂದು ಗಂಟೆಯೊಳಗೆ ಆ ಹಣ ಹಿಂದಿರುಗಿ ಬಂದಿತು. ಅದರ ಜೊತೆಗೆ ಒಂದಕ್ಷರದ ಮಾತೂ ಇರಲಿಲ್ಲ. ಹಾರ್ಮೋನಿಯಮ್ಮಿನ ಬಗ್ಗೆಯಾದರೋ, ಮೂವತ್ತು ವರ್ಷ ಹಳೆಯದು, ಸವಕಳಿ ಕಳೆದರೆ ಪುಸ್ತಕಬೆಲೆ ಸೊನ್ನೆ ಎಂದು ನನ್ನ ವಾಣಿಜ್ಯದ ಬುದ್ಧಿ ಒಳಗೊಳಗೇ ಲೆಕ್ಕ ಮಾಡಿಯಾಗಿತ್ತು. ಅದು ಅವರ ಪತ್ನಿಯದೆಂದು ತಿಳಿದುಬಂದದ್ದು ಆಮೇಲೆ. ನಾಲ್ಕು ತಿಂಗಳ ಕಾಲ ಮೆಟ್ಟಿಲಲ್ಲಿ ಎದುರಾದರೆ ಅವರು ಮುಖ ತಿರುಗಿಸುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ.

ಮೇಷ್ಟ್ರ ವಿವರಣೆ

ಸಂಘಕ್ಕೆ ಬರುವ ಹಿರಿಯರೊಬ್ಬರು, ಕಾಲೇಜಿನಲ್ಲಿ ಬಹುಕಾಲ ಇಂಗ್ಲಿಷ್ ಬೋಧಿಸಿದವರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇವೆ. ಒಂದು ದಿನ ಕಾಫಿ ಕುಡಿಯುತ್ತ ಅವರಿಗೆ ಈ ಕಥೆಯನ್ನು ಹೇಳಿ, ‘ನನ್ನ ಇಂಗ್ಲಿಷಿನಲ್ಲಿ ತಪ್ಪೇನಿತ್ತು ಮೇಷ್ಟ್ರೇ?’ ಎಂದು ಕೇಳಿದೆ.

‘ವ್ಯಾಕರಣದೋಷ ಒಂದೂ ಇಲ್ಲ ರಾಯರೇ. ಆದರೆ ಕಚೇರಿಯ ಕಿಟಕಿಯಲ್ಲಿ ಆಡುವ ಮಾತನ್ನು ಮನೆಯ ಬಾಗಿಲಲ್ಲಿ ಆಡಿದಿರಿ. ಅದಕ್ಕೆ ಮೊದಲು ಆಡಬೇಕಾಗಿದ್ದ ಮಾತನ್ನು ಆಡಲೇ ಇಲ್ಲ’ ಎಂದರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಸಂಗ್ರಹಿಸುವುದಾದರೆ ಹೀಗೆ: ಇಂಗ್ಲಿಷ್ ಮನೆಮಾತಾಗಿರುವವರು ಇಂಥ ಸಂದರ್ಭದಲ್ಲಿ ಮೂರು ಮೆಟ್ಟಿಲುಗಳನ್ನು ಹತ್ತುತ್ತಾರೆ. ಮೊದಲನೆಯದು, ಕೆಟ್ಟುಹೋದ ವಸ್ತುವನ್ನು ಹೆಸರಿಸಿ ವಿಷಾದ ಸೂಚಿಸುವುದು – ‘ಐ ಆಮ್ ಸೋ ಸಾರಿ ಅಬೌಟ್ ಯುವರ್ ಹಾರ್ಮೋನಿಯಂ.’ ಎರಡನೆಯದು, ತಪ್ಪು ತನ್ನದೆಂದು ಒಪ್ಪಿಕೊಳ್ಳುವುದು – ‘ಇಟ್ ವಾಸ್ ಮೈ ಫಾಲ್ಟ್, ಐ ಲೆಫ್ಟ್ ದಿ ಟ್ಯಾಪ್ ಆನ್.’ ಮೂರನೆಯದು, ಅನುಮತಿ ಕೇಳುವುದು – ‘ಪ್ಲೀಸ್ ಲೆಟ್ ಮಿ ಪೇ ಫಾರ್ ದಿ ರಿಪೇರ್ಸ್.’ ಹಣದ ಮಾತು ಬರುವುದು ಮೂರನೆಯ ಮೆಟ್ಟಿಲಲ್ಲಿ. ಅದೂ ಆಜ್ಞೆಯ ರೂಪದಲ್ಲಲ್ಲ, ಬಿನ್ನಹದ ರೂಪದಲ್ಲಿ. ನಾನು ಮೊದಲ ಎರಡು ಮೆಟ್ಟಿಲನ್ನು ಹಾರಿ ನೇರವಾಗಿ ಮೊತ್ತ ಎಷ್ಟೆಂದು ಕೇಳಿದ್ದೆ.

‘ಫಾರ್’ ಎಂಬ ಚಿಕ್ಕ ಪದ

ನಮ್ಮವರಲ್ಲಿ ಅನೇಕರು ‘ಐ ವಿಲ್ ಪೇ ದಿ ಲಾಸ್’, ‘ಐ ವಿಲ್ ಗಿವ್ ದಿ ಡ್ಯಾಮೇಜ್’ ಎನ್ನುವುದನ್ನು ಕೇಳಿದ್ದೇನೆ. ಇದಕ್ಕೆ ಕಾರಣ ನಮ್ಮ ಭಾಷೆಯಲ್ಲಿಯೇ ಇದೆ. ಕನ್ನಡದಲ್ಲಿ ನಾವು ‘ನಷ್ಟ ಕಟ್ಟಿಕೊಡುತ್ತೇನೆ’, ‘ನಷ್ಟ ತುಂಬಿಕೊಡುತ್ತೇನೆ’ ಎನ್ನುತ್ತೇವೆ. ಹಿಂದಿಯವರು ‘ನುಕ್ಸಾನ್ ಭರ್ ದೂಂಗಾ’ ಎನ್ನುತ್ತಾರೆ. ಮರಾಠಿಯ ‘ನುಕಸಾನ ಭರಪಾಯಿ’ ಎಂಬುದೂ ಇದೇ ಬಗೆಯದು. ಈ ಮೂರರಲ್ಲಿಯೂ ನಷ್ಟವೆಂಬುದು ಒಂದು ಹಳ್ಳ. ಅದನ್ನು ತುಂಬುವುದು ನಮ್ಮ ಕರ್ತವ್ಯ. ಸುಂದರವಾದ ಕಲ್ಪನೆಯೇ ಸರಿ. ಆದರೆ ಅದನ್ನು ಪದಕ್ಕೆ ಪದವಿಟ್ಟು ‘ಐ ವಿಲ್ ಫಿಲ್ ದಿ ಲಾಸ್’ ಎಂದರೆ ಇಂಗ್ಲಿಷಿನವನಿಗೆ ಅರ್ಥವಾಗುವುದು ಕಷ್ಟ.

ಇಂಗ್ಲಿಷಿನಲ್ಲಿ ‘ಪೇ’ ಎಂಬ ಕ್ರಿಯಾಪದದ ಬೆನ್ನಿಗೆ ನೇರವಾಗಿ ಬರಬಹುದಾದವು ಎರಡೇ ಬಗೆಯವು: ಕೊಡುವ ಹಣ, ಇಲ್ಲವೆ ಹಣ ಪಡೆಯುವ ವ್ಯಕ್ತಿ. ಬಿಲ್ಲು, ಬಾಡಿಗೆ, ಸಂಬಳ, ದಂಡ ಇವು ಮೊದಲನೆಯ ಬಗೆ. ಅಂಗಡಿಯವನು, ಬಡಗಿ, ಚಾಲಕ ಇವರು ಎರಡನೆಯ ಬಗೆ. ಯಾವ ವಸ್ತುವಿನ ಸಲುವಾಗಿ ಹಣ ಕೊಡುತ್ತೇವೋ ಅದರ ಮೊದಲು ‘ಫಾರ್’ ಬರಲೇಬೇಕು. ‘ಪೇ ಫಾರ್ ದಿ ಕಪ್’, ‘ಪೇ ಫಾರ್ ದಿ ವಿಂಡೋ’, ‘ಪೇ ಫಾರ್ ದಿ ಡ್ಯಾಮೇಜ್’. ಕನ್ನಡಿಗರಿಗೆ ಇದನ್ನು ನೆನಪಿಡಲು ಸುಲಭವಾದ ಉಪಾಯವಿದೆ. ‘ಕಪ್ಪಿಗೆ ದುಡ್ಡು ಕೊಡುತ್ತೇನೆ’, ‘ಗಾಜಿಗೆ ದುಡ್ಡು ಕೊಡುತ್ತೇನೆ’ ಎನ್ನುವಾಗ ನಾವು ಹಚ್ಚುವ ‘ಗೆ’ ಎಂಬ ಚತುರ್ಥೀ ಪ್ರತ್ಯಯವೇ ಇಂಗ್ಲಿಷಿನ ‘ಫಾರ್’. ‘ನಷ್ಟ ಕೊಡುತ್ತೇನೆ’ ಎಂಬುದನ್ನು ಮನಸ್ಸಿನಲ್ಲಿಯೇ ‘ನಷ್ಟಕ್ಕೆ ಕೊಡುತ್ತೇನೆ’ ಎಂದು ತಿದ್ದಿಕೊಂಡರೆ ಇಂಗ್ಲಿಷ್ ತಾನಾಗಿ ಸರಿಹೋಗುತ್ತದೆ.

ಇನ್ನೊಂದು ಎಡವು ‘ಡ್ಯಾಮೇಜ್’ ಮತ್ತು ‘ಡ್ಯಾಮೇಜಸ್’ ಎಂಬ ಜೋಡಿ. ವಸ್ತುವಿಗೆ ಆದ ಹಾನಿ ಎಷ್ಟೇ ಇರಲಿ, ಹತ್ತು ಕಡೆ ಇರಲಿ, ಅದು ಏಕವಚನದ ‘ಡ್ಯಾಮೇಜ್’. ‘ಡ್ಯಾಮೇಜಸ್’ ಎಂಬ ಬಹುವಚನರೂಪ ಕಾನೂನಿನ ಪಾರಿಭಾಷಿಕ ಪದ. ನ್ಯಾಯಾಲಯದ ಮೂಲಕ ಕೇಳುವ ಅಥವಾ ಪಡೆಯುವ ಪರಿಹಾರದ ಹಣವೆಂದು ಅದರ ಅರ್ಥ. ಅತಿಥಿಗಳ ಮನೆಯಲ್ಲಿ ಮಗು ಹೂದಾನಿ ಒಡೆದಾಗ ‘ಐ ವಿಲ್ ಪೇ ಡ್ಯಾಮೇಜಸ್’ ಎಂದರೆ ‘ನೀವು ದಾವೆ ಹೂಡಿ, ನಾನು ಕಟ್ಟುತ್ತೇನೆ’ ಎಂದ ಹಾಗಾಗುತ್ತದೆ.

ದಂಡ ಬೇರೆ, ನಷ್ಟ ಬೇರೆ

ಆಡುಮಾತಿನಲ್ಲಿ ನಾವು ‘ದಂಡ ತೆತ್ತೆ’ ಎನ್ನುವಾಗ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತೇವೆ. ಇಂಗ್ಲಿಷಿನಲ್ಲಿ ‘ಫೈನ್’ ಎಂದರೆ ಸರಕಾರಕ್ಕೋ ಅಧಿಕಾರಸ್ಥಾನಕ್ಕೋ ಸಲ್ಲುವ ದಂಡ. ನೆರೆಯವರ ಕಿಟಕಿಯ ಗಾಜು ಒಡೆದವನು ಅವರಿಗೆ ‘ಫೈನ್’ ಕೊಡುವುದಿಲ್ಲ.

ಈ ವಿವೇಕ ಹೊರಗಿನಿಂದ ನಮಗೆ ಬಂದದ್ದೆಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ನಮ್ಮ ನಾಡಿನ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದನ ಹೊಲಕ್ಕೆ ನುಗ್ಗಿ ಪೈರು ಮೇದಾಗ ಏನು ಮಾಡಬೇಕೆಂಬ ವಿಚಾರವಿದೆ. ಎಮ್ಮೆಯಾದರೆ 8 ಮಾಷ, ಹಸುವಾದರೆ ಅದರಲ್ಲಿ ಅರ್ಧ, ಆಡು ಕುರಿಯಾದರೆ ಮತ್ತೂ ಅರ್ಧ – ಇದು ದಂಡ. ಇದಲ್ಲದೆ ಎಷ್ಟು ಪೈರು ಹಾಳಾಯಿತೋ ಅಷ್ಟು ಫಲ ಹೊಲದ ಒಡೆಯನಿಗೆ ಸಲ್ಲಬೇಕು – ಇದು ನಷ್ಟಭರ್ತಿ. ಹಾದಿಯ ಪಕ್ಕದ ಅಥವಾ ಊರ ಗೋಮಾಳದ ಅಂಚಿನ ಹೊಲಕ್ಕೆ ದನ ತಿಳಿಯದೆ ನುಗ್ಗಿದರೆ ದೋಷವಿಲ್ಲ; ಬೇಕೆಂದೇ ಮೇಯಿಸಿದರೆ ಕಳ್ಳನಿಗೆ ತಕ್ಕ ದಂಡ. ದಂಡ, ನಷ್ಟ, ಅಕಸ್ಮಾತ್ತು, ಉದ್ದೇಶ ಈ ನಾಲ್ಕನ್ನೂ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿದ ಪರಂಪರೆ ನಮ್ಮದು. ನನ್ನ ಬಾಲ್ಯದಲ್ಲಿ ನಮ್ಮ ಹಸು ನೆರೆಯವರ ಗದ್ದೆಗೆ ಬಾಯಿಹಾಕಿದಾಗ, ಅವರು ಅದನ್ನು ದೊಡ್ಡಿಗೆ ಅಟ್ಟದೆ ಬಿಟ್ಟರೆಂಬ ಕಾರಣಕ್ಕೆ, ನನ್ನ ಅಜ್ಜ ಸುಗ್ಗಿಯಲ್ಲಿ ಒಂದು ಕೊಳಗ ಭತ್ತವನ್ನು ತಾವೇ ಹೊತ್ತು ಹೋಗಿ ಕೊಟ್ಟು, ಅವರ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಂಡು ಬಂದಿದ್ದರು. ಭತ್ತದ ಜೊತೆ ಅವರೂ ಹೋಗಿದ್ದರೆಂಬುದನ್ನು ಗಮನಿಸಬೇಕು. ಯುಪಿಐ ಮೂಲಕ ನಾನು ಕಳುಹಿಸಿದ್ದರಲ್ಲಿ ಇಲ್ಲದಿದ್ದುದು ಅದೇ.

ಯಾವ ಪದ ಎಲ್ಲಿ?

ಒಂದೇ ಅರ್ಥದವೆಂದು ನಾವು ಭಾವಿಸಿರುವ ಹಲವು ಪದಗಳಿಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಸ್ಥಾನಗಳಿವೆ.

‘ರಿಪ್ಲೇಸ್’: ಹಾಳಾದ ವಸ್ತುವಿನ ಬದಲಿಗೆ ಅಂಥದೇ ಇನ್ನೊಂದನ್ನು ತಂದುಕೊಡುವುದು. ಸ್ನೇಹಿತರ ನಡುವೆ ಹಣಕ್ಕಿಂತ ಇದೇ ಸಭ್ಯವಾದದ್ದು. ‘ಲೆಟ್ ಮಿ ಗೆಟ್ ಯು ಎ ನ್ಯೂ ಒನ್’ ಎಂಬುದು ಇದರ ಸಲಿಗೆಯ ರೂಪ.

‘ರೀಇಂಬರ್ಸ್’: ಆ ವ್ಯಕ್ತಿ ಆಗಲೇ ಕೈಯಿಂದ ಖರ್ಚು ಮಾಡಿದ್ದರೆ ಮಾತ್ರ. ನೆರೆಯವರು ಗಾಜು ಹಾಕಿಸಿ ಬಿಲ್ಲು ತೋರಿಸಿದರೆ ‘ಐ ವಿಲ್ ರೀಇಂಬರ್ಸ್ ಯು’ ಎನ್ನಬಹುದು. ಮನೆಮಾತಿನಲ್ಲಿ ಇದಕ್ಕೂ ‘ಐ ವಿಲ್ ಪೇ ಯು ಬ್ಯಾಕ್’ ಎಂಬುದೇ ಹೆಚ್ಚು ರೂಢಿ.

‘ರೀಫಂಡ್’: ನಾವು ಪಡೆದ ಹಣವನ್ನೇ ಹಿಂದಿರುಗಿಸುವುದು. ಅಂಗಡಿಯವನು ಮಾಡುವ ಕೆಲಸ, ಹಾನಿ ಮಾಡಿದವನದಲ್ಲ.

‘ಕಾಂಪೆನ್ಸೇಟ್’: ಹಣದಿಂದ ಪೂರ್ತಿ ಸರಿಯಾಗದ ಹಾನಿಗೆ, ಸಂಸ್ಥೆಯೋ ಸರಕಾರವೋ ನ್ಯಾಯಮಂಡಳಿಯೋ ಕೊಡುವ ಪರಿಹಾರದ ಧ್ವನಿ ಇದರಲ್ಲಿದೆ. ಆದುದರಿಂದಲೇ ನನ್ನ ಬಾಯಲ್ಲಿ ಅದು ಅಪಮಾನವಾಗಿ ಕೇಳಿಸಿತು.

‘ಮೇಕ್ ಗುಡ್’: ನಮ್ಮ ‘ತುಂಬಿಕೊಡು’ವಿಗೆ ಅತ್ಯಂತ ಸಮೀಪವಾದದ್ದು. ಬಾಡಿಗೆ ಕರಾರು, ಗುತ್ತಿಗೆಪತ್ರ, ಕಚೇರಿಯ ಪತ್ರಗಳಲ್ಲಿ ಶೋಭಿಸುತ್ತದೆ. ‘ವಿ ಶಲ್ ಮೇಕ್ ಗುಡ್ ದಿ ಲಾಸ್’ ಎಂದು ಬರೆಯಬಹುದು. ಆದರೆ ಮೆಟ್ಟಿಲಲ್ಲಿ ನಿಂತು ಆಡುವ ಮಾತಲ್ಲ.

‘ಇಂಡೆಮ್ನಿಫೈ’: ಮುಂದೆ ನಷ್ಟವಾದರೆ ತಾನು ಹೊರುತ್ತೇನೆಂಬ ವಾಗ್ದಾನ. 1872ರ ಭಾರತೀಯ ಕರಾರು ಕಾಯಿದೆಯ 124ನೆಯ ಕಲಮು ಇದನ್ನು ವಿವರಿಸುತ್ತದೆ. ಕಳೆದುಹೋದ ಠೇವಣಿ ರಸೀದಿಗೆ ಬದಲಿ ಕೇಳಲು ಬಂದವರಿಂದ ಬ್ಯಾಂಕಿನವರಾದ ನಾವು ಬರೆಸಿಕೊಳ್ಳುವ ಪತ್ರ ಇದೇ.

‘ರಿಗ್ರೆಟ್’ ಎಂಬ ಪದದ ಬಗೆಗೂ ಒಂದು ಮಾತು. ‘ದಿ ಇನ್‌ಕನ್ವೀನಿಯೆನ್ಸ್ ಈಸ್ ರಿಗ್ರೆಟೆಡ್’ ಎಂಬ ಫಲಕವನ್ನು ದೆಹಲಿಯ ರಸ್ತೆ ಅಗೆದ ಕಡೆಯಲ್ಲೆಲ್ಲ ಕಾಣುತ್ತೇವೆ. ವಿಷಾದಿಸುವವರು ಯಾರೆಂಬುದು ಆ ವಾಕ್ಯದಲ್ಲಿ ಇಲ್ಲ. ಕರ್ತೃವಿಲ್ಲದ ವಿಷಾದ ನೋಟೀಸು ಹಲಗೆಗೆ ಸರಿ. ಮನುಷ್ಯರ ನಡುವೆ ‘ಐ ಆಮ್ ಸಾರಿ’ ಎಂದೇ ಹೇಳಬೇಕು.

ಬಾಡಿಗೆ ಮನೆ ಬಿಡುವಾಗ

ದೆಹಲಿಯಲ್ಲಿ ಬಾಡಿಗೆಗೆ ಇರುವ ನಮ್ಮ ತರುಣರು ಮನೆ ಬಿಡುವ ದಿನ ಮಾಲೀಕರೊಡನೆ ಮುಂಗಡದ ಹಣದ ಬಗ್ಗೆ ವಾದಕ್ಕಿಳಿಯಬೇಕಾಗುತ್ತದೆ. ಇಲ್ಲಿ ತಿಳಿದಿರಬೇಕಾದ ನುಡಿಗಟ್ಟು ‘ವೇರ್ ಅಂಡ್ ಟೇರ್’ – ಬಳಕೆಯಿಂದ ಸಹಜವಾಗಿ ಆಗುವ ಸವೆತ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಆದರೆ ನ್ಯಾಯವಾದ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗೂ ಅವನು ಹೊಣೆಯಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ಹೇಳುತ್ತದೆ. ಆದುದರಿಂದ ಕೋಪಿಸಿಕೊಳ್ಳದೆ ಹೀಗೆ ಹೇಳಬಹುದು: ‘ಐ ವಿಲ್ ಪೇ ಫಾರ್ ದಿ ಬ್ರೋಕನ್ ಟೈಲ್, ಬಟ್ ದಿ ಫೇಡೆಡ್ ಪೇಂಟ್ ಈಸ್ ಆರ್ಡಿನರಿ ವೇರ್ ಅಂಡ್ ಟೇರ್.’ ನಮ್ಮಿಂದಾದದ್ದನ್ನು ಮೊದಲು ಒಪ್ಪಿಕೊಂಡವನ ಎರಡನೆಯ ಮಾತಿಗೆ ಬೆಲೆ ಹೆಚ್ಚು.

ರಸ್ತೆಯಲ್ಲಿ

ರಿಂಗ್ ರಸ್ತೆಯಲ್ಲಿ ವಾಹನಗಳು ಪರಸ್ಪರ ತಾಗಿದಾಗ ಮೊದಲು ಬರಬೇಕಾದ ಮಾತು ಹಣದ್ದಲ್ಲ, ವಾಹನದ್ದೂ ಅಲ್ಲ. ‘ಆರ್ ಯು ಹರ್ಟ್?’ ಎಂಬುದು. ಗಾಯಗೊಂಡವರಿಗೆ ವೈದ್ಯಕೀಯ ನೆರವು ಒದಗಿಸುವುದು ಚಾಲಕನ ಕರ್ತವ್ಯವೆಂದು 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ವಿಧಿಸುತ್ತದೆ. ಹಾದಿಹೋಕರಾಗಿ ಸಹಾಯಕ್ಕೆ ಬಂದ ಸಜ್ಜನರಿಗೆ ರಕ್ಷಣೆ ನೀಡುವ 134ಎ ಕಲಮನ್ನು 2019ರ ತಿದ್ದುಪಡಿಯಲ್ಲಿ ಸೇರಿಸಲಾಯಿತು. ತಲೆಗೆ ಪೆಟ್ಟು ಬಿದ್ದವರು ಆ ಕ್ಷಣ ‘ಏನೂ ಆಗಿಲ್ಲ’ ಎಂದರೂ ಕೆಲವು ಗಂಟೆಗಳ ಮೇಲೆ ವಾಂತಿ, ಮಂಪರು, ತಲೆನೋವು ಕಾಣಿಸಿಕೊಳ್ಳಬಹುದು. ಆದಕಾರಣ ಕೈಗೆ ನೋಟು ತುರುಕಿ ಹೊರಟುಬಿಡುವುದು ಮರ್ಯಾದೆಯೂ ಅಲ್ಲ, ಕ್ಷೇಮವೂ ಅಲ್ಲ. ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಮ್ಮ ಮೋಟಾರು ವಿಮಾಪತ್ರಗಳ ಷರತ್ತುಗಳಲ್ಲಿ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆದಾರನು ತಪ್ಪೊಪ್ಪಿಗೆಯನ್ನಾಗಲಿ, ಹಣ ಕೊಡುವ ವಾಗ್ದಾನವನ್ನಾಗಲಿ ಮಾಡಕೂಡದೆಂಬ ಒಂದು ಷರತ್ತಿದೆ. ಆದುದರಿಂದ ನೆರೆಯವರ ಬಾಗಿಲಲ್ಲಿ ಹತ್ತುವ ಮೂರು ಮೆಟ್ಟಿಲು ರಸ್ತೆಗೆ ಹೊಂದುವುದಿಲ್ಲ. ರಸ್ತೆಯಲ್ಲಿ ‘ಐ ಆಮ್ ಸಾರಿ ದಿಸ್ ಹ್ಯಾಪನ್ಡ್, ಲೆಟ್ ಅಸ್ ಎಕ್ಸ್‌ಚೇಂಜ್ ಇನ್ಶೂರೆನ್ಸ್ ಡೀಟೇಲ್ಸ್’ ಎಂಬಷ್ಟು ಸಾಕು. ಮೂರನೆಯ ಪಕ್ಷದ ವಿಮೆ ಎಲ್ಲ ವಾಹನಕ್ಕೂ ಕಡ್ಡಾಯ. ಅದರಲ್ಲಿ ಇತರರ ಆಸ್ತಿಹಾನಿಗೆ ಖಾಸಗಿ ಕಾರಿನ ವಿಮೆಯಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಸ್ವಂತ ವಾಹನದ ದುರಸ್ತಿಗೆ ಬಂದಾಗ ರಬ್ಬರು, ನೈಲಾನು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಶೇಕಡ 50ರಷ್ಟು ಸವಕಳಿ ಕಳೆಯುತ್ತಾರೆ, ಗಾಜಿಗೆ ಕಳೆಯುವುದಿಲ್ಲ. ವಿಮೆಯ ಕಂಪನಿ ಸವಕಳಿ ಕಳೆಯುವುದು ನ್ಯಾಯ. ನೆರೆಯವರ ವಸ್ತುವಿಗೆ ನಾವು ಅದನ್ನು ಕಳೆಯತೊಡಗಿದರೆ ಸಂಬಂಧವೇ ಕಳೆದುಹೋಗುತ್ತದೆ.

‘ಅಕಸ್ಮಾತ್ತಾಗಿ ಆಯಿತು’ ಎಂಬ ಮಾತು

‘ಇಟ್ ವಾಸ್ ಆನ್ ಆಕ್ಸಿಡೆಂಟ್’ ಎಂದು ಹೇಳಿದ ಮಾತ್ರಕ್ಕೆ ಹೊಣೆ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಅದು ‘ಬೇಕೆಂದು ಮಾಡಲಿಲ್ಲ’ ಎಂಬ ಸಮಾಧಾನ ಮಾತ್ರ. ‘ನಾನು ಕೊಡಬೇಕಾಗಿಲ್ಲ’ ಎಂಬ ವಾದವಲ್ಲ. ಇಂಗ್ಲೆಂಡಿನಲ್ಲಿ ರೈಲೆಂಡ್ಸ್ ಎಂಬವನು ತನ್ನ ಗಿರಣಿಗಾಗಿ ಕಟ್ಟಿಸಿದ ಜಲಾಶಯದ ನೀರು ನುಗ್ಗಿ ಫ್ಲೆಚರ್ ಎಂಬವನ ಕಲ್ಲಿದ್ದಲ ಗಣಿಯನ್ನು ತುಂಬಿದಾಗ, ರೈಲೆಂಡ್ಸನ ಸ್ವಂತ ನಿರ್ಲಕ್ಷ್ಯವಿಲ್ಲದಿದ್ದರೂ ಅವನೇ ಹೊಣೆಯೆಂದು 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ಆ ನಿಯಮಕ್ಕೆ ದೈವಾಧೀನ ಮೊದಲಾದ ಕೆಲವು ವಿನಾಯಿತಿಗಳಿದ್ದವು. ನಮ್ಮ ದೆಹಲಿಯಲ್ಲಿಯೇ 1985ರ ಡಿಸೆಂಬರ್ 4ರಂದು ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ನೇತೃತ್ವದ ಐವರ ಪೀಠ 1986ರ ಡಿಸೆಂಬರ್ 20ರಂದು ಇನ್ನೂ ಮುಂದಕ್ಕೆ ಹೋಯಿತು. ಅಪಾಯಕರ ಉದ್ಯಮ ನಡೆಸುವವರು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿಗೆ ಸಂಪೂರ್ಣ ಹೊಣೆಗಾರರು, ಹಿಂದಿನ ವಿನಾಯಿತಿಗಳು ಅವರಿಗೆ ಸಲ್ಲವು ಎಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಅಡಿಗೆಮನೆಯ ನಲ್ಲಿಗೂ ಕಾರ್ಖಾನೆಗೂ ಹೋಲಿಕೆ ಸಲ್ಲದು. ಆದರೂ ತಿಳಿಯದೆ ಆದದ್ದಕ್ಕೂ ಎದುರಿನವನ ನಷ್ಟ ಅಷ್ಟೇ ನಿಜವಾದದ್ದು ಎಂಬ ತತ್ತ್ವ ಎರಡಕ್ಕೂ ಸಮಾನ.

ನಮ್ಮ ವಸ್ತು ಕೆಟ್ಟಾಗ

ಇದರ ಮತ್ತೊಂದು ಮುಖವೂ ಇದೆ. ಬೇರೆಯವರು ನಮ್ಮ ವಸ್ತುವನ್ನು ಕೆಡಿಸಿದಾಗ ಕನ್ನಡಿಗರಾದ ನಾವು ಸಂಕೋಚದಿಂದ ‘ಪರವಾಗಿಲ್ಲ’ ಎಂದುಬಿಡುತ್ತೇವೆ. ಆಮೇಲೆ ಮನೆಯಲ್ಲಿ ಕುಳಿತು ವಾರಗಟ್ಟಲೆ ಗೊಣಗುತ್ತೇವೆ. ನಿಜವಾಗಿ ಪರವಾಗಿಲ್ಲದಿದ್ದರೆ ‘ಪ್ಲೀಸ್ ಡೋಂಟ್ ವರಿ ಅಬೌಟ್ ಇಟ್’ ಎಂದು ಹೇಳಿ ಅಲ್ಲಿಗೇ ಮರೆಯಬೇಕು. ಹಣ ಬೇಕಾಗಿದ್ದರೆ ಅದನ್ನೂ ಮೃದುವಾಗಿ ಕೇಳಬಹುದು: ‘ಐ ನೋ ಯು ಡಿಡ್‌ನ್ಟ್ ಮೀನ್ ಇಟ್. ಕುಡ್ ಯು ಪೇ ಫಾರ್ ದಿ ಗ್ಲಾಸ್?’ ಮೊದಲ ವಾಕ್ಯ ವ್ಯಕ್ತಿಯನ್ನು ದೋಷದಿಂದ ಬಿಡಿಸುತ್ತದೆ. ಎರಡನೆಯದು ವೆಚ್ಚವನ್ನು ಮಾತ್ರ ಕೇಳುತ್ತದೆ. ನೇರವಾಗಿ ಕೇಳಿದರೆ ಕೆಟ್ಟವರೆನಿಸಿಕೊಳ್ಳುತ್ತೇವೆಂಬ ಅಂಜಿಕೆ ಬೇಡ. ಕೇಳದೆ ಒಳಗೇ ಇಟ್ಟುಕೊಂಡ ಅಸಮಾಧಾನ ರಕ್ತದೊತ್ತಡಕ್ಕೂ ಒಳ್ಳೆಯದಲ್ಲವೆಂಬುದನ್ನು ಈ ಸಂಚಿಕೆಯಲ್ಲಿ ಬರೆಯುವ ನಮ್ಮ ವೈದ್ಯಮಿತ್ರರೂ ಒಪ್ಪಿಯಾರು.

ಹಾರ್ಮೋನಿಯಂ

ಮೇಷ್ಟ್ರ ಮಾತು ಕೇಳಿದ ವಾರವೇ, ಅಕ್ಟೋಬರಿನ ಒಂದು ಸಂಜೆ, ನಾನು ಕೆಳಗಿನ ಮನೆಯ ಕರೆಗಂಟೆ ಒತ್ತಿದೆ. ಬಾಗಿಲು ತೆರೆದವರಿಗೆ, ಮನಸ್ಸಿನಲ್ಲಿ ಹತ್ತು ಸಲ ಉರುಹಾಕಿದ್ದ ಮಾತನ್ನು ಹೇಳಿದೆ: ‘ಐ ಆಮ್ ವೆರಿ ಸಾರಿ ಅಬೌಟ್ ದಿ ಹಾರ್ಮೋನಿಯಂ. ಐ ಶುಡ್ ಹ್ಯಾವ್ ಸೆಡ್ ಸೋ ದಟ್ ನೈಟ್. ಪ್ಲೀಸ್ ಲೆಟ್ ಮಿ ಗೆಟ್ ಇಟ್ ರಿಪೇರ್ಡ್.’ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಕರೆದು, ಚಹಾ ಮಾಡಿಕೊಟ್ಟು, ಅದು ತಮ್ಮ ಪತ್ನಿಗೆ ಅವರ ತಂದೆ ಮದುವೆಯಲ್ಲಿ ಕೊಟ್ಟದ್ದೆಂದೂ ನಾಲ್ಕು ತಿಂಗಳಿಂದ ಅದರ ಮುಚ್ಚಳವನ್ನೇ ತೆರೆದಿಲ್ಲವೆಂದೂ ಹೇಳಿದರು.

ಮುಂದಿನ ಭಾನುವಾರ ನಾವಿಬ್ಬರೂ ಆಟೋದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ದುರಸ್ತಿ ಮಾಡುವವರಲ್ಲಿಗೆ ಹೋದೆವು. ತಿದಿಯ ಚರ್ಮ ಬದಲಾಯಿಸಬೇಕಾಯಿತು. ಸ್ವರದ ಪಟ್ಟಿಗಳಲ್ಲಿ ಎರಡು ತುಕ್ಕು ಹಿಡಿದಿದ್ದವು. ಹೊಸವನ್ನು ಹಾಕಿದರೂ ಹಳೆಯ ನಾದ ಬರಲಿಲ್ಲವೆಂದು ಅವರು ಹೇಳುತ್ತಾರೆ. ಬಿಲ್ಲನ್ನು ನಾನು ಕೊಟ್ಟೆ, ಅವರು ತಡೆಯಲಿಲ್ಲ. ಗೋಡೆಯ ಗಾರೆಗೆ ಮಾತ್ರ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಆ ಎರಡು ಸ್ವರಗಳ ನಷ್ಟವನ್ನು ತುಂಬಿಕೊಡುವ ಇಂಗ್ಲಿಷ್ ಪದವಾಗಲಿ ಕನ್ನಡ ಪದವಾಗಲಿ ನನಗೆ ದೊರೆತಿಲ್ಲ. ಈಗ ಅಡಿಗೆಮನೆಯ ನಲ್ಲಿಯನ್ನು ಮುಚ್ಚದೆ ನಾನು ಮನೆಯ ಬೀಗ ಹಾಕುವುದಿಲ್ಲ.